1971ರ ಯುದ್ಧ ಮಾಡಿದ ಅಪ್ಪನಿಗೆ ಪಿಂಚಣಿ ಯಾಕಿಲ್ಲ? ಈಗ ಏನಾದರೂ ಮಾಡಬಹುದಾ?

ಪ್ರಶ್ನೆ: ನಮ್ಮದು ಸೋಮವಾರಪೇಟೆ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಕಾಫಿ ಇದೆ, ಅಷ್ಟೇ. ಅಪ್ಪನಿಗೆ ಈಗ 80 ವರ್ಷ. 1965ರ ಫೆಬ್ರವರಿಯಲ್ಲಿ ಬೆಂಗಳೂರಿನ ಎಂಇಜಿಗೆ (ಮದ್ರಾಸ್ ಎಂಜಿನಿಯರ್ ಗ್ರೂಪ್, ಅಂದರೆ ಮದ್ರಾಸ್ ಸ್ಯಾಪರ್ಸ್) ಸೇರಿದ್ದರು. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯ ಶಕರ್‌ಗಢದ ಕಡೆ ಮೈನ್ (ನೆಲಬಾಂಬ್) ತೆಗೆಯುವ ಕೆಲಸದಲ್ಲಿದ್ದರು. ಹತ್ತಿರದಲ್ಲೇ ಒಂದು ಮೈನ್ ಸಿಡಿದು ಎಡಗಿವಿ ಹೋಯಿತು, ಪಠಾಣ್‌ಕೋಟ್ ಆಸ್ಪತ್ರೆಯಲ್ಲಿ ಮಲಗಿದ್ದೆ ಅಂತ ಹೇಳ್ತಾರೆ. 1975ರ ಸೆಪ್ಟೆಂಬರ್‌ನಲ್ಲಿ, ತಾತ ತೀರಿಕೊಂಡ ಮೇಲೆ ಮನೆ ನೋಡೋರು ಯಾರೂ ಇಲ್ಲ ಅಂತ ಬಿಟ್ಟು ಬಂದರು. ಪಿಂಚಣಿ ಬರಲೇ ಇಲ್ಲ. ಅವರ ಜೊತೆಗೇ ಸೇರಿದ ಪಕ್ಕದ ಊರಿನವರಿಗೆ ಬರುತ್ತಿದೆ. ಈಗ ಒಬ್ಬ ಏಜೆಂಟ್ 40 ಸಾವಿರ ಕೊಟ್ಟರೆ ಯುದ್ಧದ ಪಿಂಚಣಿ ಮಾಡಿಸ್ತೀನಿ, 50 ವರ್ಷದ ಬಾಕಿಯೂ ಬರುತ್ತೆ ಅಂತಿದ್ದಾನೆ. ಇನ್ನೊಬ್ಬರು ರಿಸರ್ವಿಸ್ಟ್ ಪಿಂಚಣಿ ಕೇಳಿ ಅಂತಾರೆ. ಅಪ್ಪ ಮಾತ್ರ "ನಾನೇ ಕೇಳಿ ಬಂದವನು, ಈಗ ಏನು ಕೇಳೋದು" ಅಂತ ಸುಮ್ಮನಾಗ್ತಾರೆ. ಮರೆವು ಜಾಸ್ತಿ ಆಗಿದೆ. ಅಮ್ಮನಿಗೆ 72. ಅಪ್ಪನ ನಂತರ ಅಮ್ಮನಿಗೆ ಏನಾದರೂ ಸಿಗುತ್ತಾ? ಡಿಸ್ಚಾರ್ಜ್ ಬುಕ್‌ನ ಫೋಟೋ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ಮೊದಲು ಒಂದು ಮಾತು. ಆ ಏಜೆಂಟ್‌ಗೆ ಇನ್ನೂ ದುಡ್ಡು ಕೊಟ್ಟಿಲ್ಲ ತಾನೇ? ಕೊಡಬೇಡಿ. ಆಧಾರ್, ಪಾಸ್‌ಬುಕ್ ಪ್ರತಿ, ಫೋನಿಗೆ ಬರುವ ಓಟಿಪಿ, ಯಾವುದನ್ನೂ ಕೊಡಬೇಡಿ. ಯುದ್ಧದಲ್ಲಿ ಇದ್ದರು ಅನ್ನುವ ಒಂದೇ ಕಾರಣಕ್ಕೆ ಕೊಡುವ "ಯುದ್ಧದ ಪಿಂಚಣಿ" ಅಂತ ಒಂದು ಪಿಂಚಣಿಯೇ ಇಲ್ಲ.

ಇದು ಕೇಳೋಕೆ ಕಷ್ಟ, ಗೊತ್ತು. ಪ್ರಾಣ ಕೈಯಲ್ಲಿ ಹಿಡಿದು ಮೈನ್ ತೆಗೆದವರಿಗೆ ಪಿಂಚಣಿ ಇಲ್ಲ ಅಂದರೆ ಯಾವ ಮಗಳಿಗಾದರೂ ಹೊಟ್ಟೆ ಉರಿಯುತ್ತೆ. ಆದರೆ ನಮ್ಮ ಸೇನೆಯ ಪಿಂಚಣಿ ನಿಯಮ ಯುದ್ಧದಲ್ಲಿ ಇದ್ದಿರಾ ಇಲ್ಲವಾ ಅಂತ ನೋಡುವುದಿಲ್ಲ. ಎಷ್ಟು ವರ್ಷ ಇದ್ದಿರಿ, ಯಾವ ಕಾರಣಕ್ಕೆ ಹೊರಗೆ ಬಂದಿರಿ, ಬರುವಾಗ ಮೈ ಹೇಗಿತ್ತು, ಇಷ್ಟೇ ಅದರ ಲೆಕ್ಕ. ಒಂದು ಯುದ್ಧವನ್ನೂ ಕಾಣದೆ 15 ವರ್ಷ ಮುಗಿಸಿದವರಿಗೆ ಪಿಂಚಣಿ ಇದೆ. ಎರಡು ಯುದ್ಧ ಮಾಡಿ 12 ವರ್ಷಕ್ಕೆ ಬಂದವರಿಗೆ ಇಲ್ಲ. ಇದು ಸರಿಯಲ್ಲ ಅಂತಲೇ ನನ್ನ ಅಭಿಪ್ರಾಯ, ಆದರೆ ಅರ್ಜಿ ಬರೆಯುವಾಗ ಇರುವ ನಿಯಮವನ್ನೇ ಹಿಡಿದು ಬರೆಯಬೇಕು. ವರ್ಷಗಟ್ಟಲೆ ಮಾಜಿ ಸೈನಿಕರ ಪಿಂಚಣಿ ಕಾಗದಗಳನ್ನೇ ನೋಡುತ್ತಾ ಬಂದವನು ನಾನು. ತಿರಸ್ಕಾರವಾಗಿ ಬಂದ ಅರ್ಜಿಗಳಲ್ಲಿ ಹೆಚ್ಚಿನವು "ನಾನು 1971ರ ಯುದ್ಧದಲ್ಲಿ ಹೋರಾಡಿದ್ದೇನೆ, ಆದ್ದರಿಂದ" ಅಂತ ಶುರುವಾಗುವಂಥವೇ. ಆ ಒಂದು ಸಾಲಿನ ಮೇಲೆ ಯಾವ ಅಧಿಕಾರಿಗೂ ಪಿಂಚಣಿ ಮಂಜೂರು ಮಾಡಲು ಬರುವುದಿಲ್ಲ.

ಪಕ್ಕದ ಊರಿನವರ ವಿಷಯ. ಅವರು 15 ವರ್ಷ ಮುಗಿಸಿ ಬಂದಿರಬೇಕು. ಜವಾನರಿಗೆ ಸರ್ವೀಸ್ ಪಿಂಚಣಿ ಸಿಗಲು ಕನಿಷ್ಠ 15 ವರ್ಷದ ಸೇವೆ ಬೇಕು, ಆಫೀಸರ್‌ಗಳಿಗೆ 20. ನಿಮ್ಮ ಅಪ್ಪನದು 10 ವರ್ಷ 7 ತಿಂಗಳು. ಕೊರತೆ ಬಿದ್ದರೆ ಮನ್ನಾ ಮಾಡುವ ಅವಕಾಶ ಇದೆ ಅಂತ ಯಾರಾದರೂ ಹೇಳಬಹುದು. ಇದೆ, ಆದರೆ ಗರಿಷ್ಠ ಒಂದು ವರ್ಷದ ತನಕ ಮಾತ್ರ. ನಾಲ್ಕು ವರ್ಷಕ್ಕಿಂತ ಜಾಸ್ತಿ ಕೊರತೆಯನ್ನು ಯಾರೂ ಮನ್ನಾ ಮಾಡುವುದಿಲ್ಲ. ಹಾಗಾಗಿ ಸರ್ವೀಸ್ ಪಿಂಚಣಿಯ ಆಸೆ ಬಿಟ್ಟುಬಿಡಿ.

ರಿಸರ್ವಿಸ್ಟ್ ಪಿಂಚಣಿ ಅನ್ನೋದು ಸುಳ್ಳಲ್ಲ. ಆ ಕಾಲದಲ್ಲಿ ಸೇರುವಾಗಲೇ ಇಷ್ಟು ವರ್ಷ ಕಲರ್ ಸರ್ವೀಸ್ (ಸೇನೆಯಲ್ಲೇ ಇದ್ದು ಮಾಡುವ ಸೇವೆ), ಆಮೇಲೆ ಇಷ್ಟು ವರ್ಷ ರಿಸರ್ವ್ ಅಂತ ಬರೆಸಿಕೊಳ್ಳುತ್ತಿದ್ದರು. ಏಳು ವರ್ಷ ಕಲರ್, ಎಂಟು ವರ್ಷ ರಿಸರ್ವ್ ಅನ್ನುವುದು ಹಳೇ ಕಾಗದಗಳಲ್ಲಿ ಮತ್ತೆ ಮತ್ತೆ ಕಾಣುವ ಜೋಡಿ. ಕಲರ್ ಮುಗಿದ ಮೇಲೆ ಮನೆಗೆ ಕಳಿಸುತ್ತಿದ್ದರು, ಹೆಸರು ಮಾತ್ರ ರಿಸರ್ವ್ ಪಟ್ಟಿಯಲ್ಲಿ ಇರುತ್ತಿತ್ತು, ಬೇಕಾದಾಗ ತರಬೇತಿಗೋ ಯುದ್ಧಕ್ಕೋ ವಾಪಸ್ ಕರೆಯುತ್ತಿದ್ದರು. ಎರಡೂ ಸೇರಿ 15 ವರ್ಷ ಆದರೆ ರಿಸರ್ವಿಸ್ಟ್ ಪಿಂಚಣಿ. ಆದರೆ ಇಲ್ಲೊಂದು ಗಂಟು ಇದೆ. ಸೇರುವಾಗ ಬರೆಸಿಕೊಂಡಿದ್ದರೆ ಸಾಲದು, ಹೊರಗೆ ಬರುವಾಗ ನಿಜವಾಗಿಯೂ ರಿಸರ್ವ್‌ಗೆ ವರ್ಗ ಮಾಡಿರಬೇಕು. ನೌಕಾಪಡೆಯವರ ಒಂದು ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ, ರಿಸರ್ವ್‌ಗೆ ಸೇರಿಸದೆ ನೇರವಾಗಿ ಬಿಡುಗಡೆ ಮಾಡಿದವರು ಈ ಪಿಂಚಣಿ ಕೇಳುವಂತಿಲ್ಲ ಅಂತಲೇ ಹೇಳಿತು.

ನೀವು ಕಳಿಸಿದ ಫೋಟೋದಲ್ಲಿ ಬಿಡುಗಡೆಯ ಕಾರಣ ಅನ್ನುವ ಜಾಗದಲ್ಲಿ "ಅಟ್ ಹಿಸ್ ಓನ್ ರಿಕ್ವೆಸ್ಟ್ ಆನ್ ಕಂಪ್ಯಾಶನೇಟ್ ಗ್ರೌಂಡ್ಸ್" ಅಂತ ಇದೆ. ಮನೆಯ ಕಷ್ಟದಿಂದ ಸ್ವಂತ ಕೋರಿಕೆ ಮೇಲೆ ಬಿಡುಗಡೆ ಅಂತ ಅರ್ಥ. ಹೀಗೆ ಬಂದವರನ್ನು ಸಾಮಾನ್ಯವಾಗಿ ರಿಸರ್ವ್‌ಗೆ ಹಾಕುತ್ತಿರಲಿಲ್ಲ, ಸಂಬಂಧ ಅಲ್ಲಿಗೇ ಮುಗಿಯುತ್ತಿತ್ತು. ರಿಸರ್ವ್ ಸೇವೆಯ ಕಾಲಂ ಇರುವ ಪುಟ ಫೋಟೋದಲ್ಲಿ ಬಂದಿಲ್ಲ. ಅದನ್ನೊಮ್ಮೆ ತೆಗೆದು ನೋಡಿ. ಅಲ್ಲಿ ಖಾಲಿ ಗೆರೆಯೋ "ನಿಲ್" ಅಂತಲೋ ಇದ್ದರೆ ಈ ಬಾಗಿಲೂ ಮುಚ್ಚಿದಂತೆ. ದಿನಾಂಕ ಇದ್ದರೆ ಮಾತ್ರ ಲೆಕ್ಕ ಹಾಕೋಣ.

ಈಗ ನಿಮ್ಮ ಪತ್ರದಲ್ಲಿ ನೀವು ಒಂದು ಮಾತೂ ಹೇಳದೇ ಇರುವ ವಿಷಯಕ್ಕೆ ಬರುತ್ತೇನೆ. ಅದೇ ಪುಟದಲ್ಲಿ, ಕೆಳಗೆ ನೀಲಿ ಶಾಯಿಯಲ್ಲಿ, ಮಸಿ ಹರಡಿದ ಜಾಗದಲ್ಲಿ, ಮೆಡಿಕಲ್ ಕ್ಯಾಟಗರಿ ಮುಂದೆ "ಬೀ, ಪರ್ಮನೆಂಟ್" ಅಂತ ಬರೆದಿದೆ. ಫೋಟೋ ದೊಡ್ಡದು ಮಾಡಿ ನೋಡಿ, ಕಾಣುತ್ತೆ. ಆಗಿನ ಪದ್ಧತಿಯಲ್ಲಿ ಪೂರ್ತಿ ಗಟ್ಟಿಮುಟ್ಟಾದವರಿಗೆ "ಏ" ಕ್ಯಾಟಗರಿ. "ಬೀ ಪರ್ಮನೆಂಟ್" ಅಂದರೆ ಮೈಯಲ್ಲಿ ಏನೋ ಒಂದು ಊನ ಆಗಿದೆ, ಅದು ವಾಸಿಯಾಗುವಂಥದ್ದಲ್ಲ ಅಂತ ಸೇನೆಯ ಡಾಕ್ಟರೇ ಒಪ್ಪಿ ಬರೆದಂತೆ. ನಿಮ್ಮ ಅಪ್ಪ ಸೇರುವಾಗ "ಏ" ಆಗಿಯೇ ಸೇರಿದ್ದಾರೆ, ಇಲ್ಲದಿದ್ದರೆ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಬರುವಾಗ "ಬೀ". ನಡುವೆ ಏನೋ ಆಗಿದೆ ಅಲ್ವಾ? ನಿಮ್ಮ ಕೇಸಿನಲ್ಲಿ ಜೀವ ಇರುವುದು ಇಲ್ಲೇ. ನೀವು ಕೇಳಬೇಕಾದದ್ದು ಡಿಸೆಬಿಲಿಟಿ ಪಿಂಚಣಿ, ಅಂದರೆ ಸೇವೆಯಿಂದ ಆದ ಅಂಗಊನಕ್ಕೆ ಕೊಡುವ ಭಾಗ. ಇದಕ್ಕೆ 15 ವರ್ಷದ ಷರತ್ತು ಇಲ್ಲ.

ಇದಕ್ಕೆ ಎರಡು ವಿಷಯ ತೋರಿಸಬೇಕು. ಊನ ಸೇವೆಯಿಂದ ಆದದ್ದು, ಅಥವಾ ಸೇವೆಯಿಂದ ಜಾಸ್ತಿ ಆದದ್ದು. ಮತ್ತೆ ಅದರ ಪ್ರಮಾಣ ಶೇ. 20 ಅಥವಾ ಅದಕ್ಕಿಂತ ಹೆಚ್ಚು. ಮೊದಲನೆಯದರಲ್ಲಿ ಕಾನೂನು ಸೈನಿಕನ ಪರ ಇದೆ. 2013ರ ಧರಮ್‌ವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಸೇರುವಾಗ ಕಾಯಿಲೆ ಬಗ್ಗೆ ಏನೂ ಬರೆದಿಲ್ಲದಿದ್ದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಬಂದದ್ದು ಅಂತ ತಿಳಿಯಬೇಕು, ಅಲ್ಲ ಅಂತ ತೋರಿಸುವ ಹೊಣೆ ಸೈನಿಕನದಲ್ಲ, ಇಲಾಖೆಯದು. ಎರಡನೆಯದು, ಅಂದರೆ ಶೇಕಡಾವಾರು, ಕಷ್ಟದ್ದು. ಕ್ಯಾಟಗರಿ ಕೆಳಗಿಳಿದವರನ್ನು ಬಿಡುವ ಮುನ್ನ ಮೆಡಿಕಲ್ ಬೋರ್ಡ್ ಮಾಡಬೇಕು. ಆ ಬೋರ್ಡಿನ ಕಾಗದದಲ್ಲಿ ಶೇಕಡಾ ಎಷ್ಟು ಅಂತ ಇರುತ್ತೆ. ಅಲ್ಲಿ 20ಕ್ಕಿಂತ ಕಡಿಮೆ ಬರೆದಿದ್ದರೆ ದಾರಿ ತುಂಬಾ ಕಡಿದು. ಒಂದು ಕಿವಿ ಮಾತ್ರ ಮಂದವಾಗಿದ್ದರೆ ಹಾಗೆ ಕಡಿಮೆ ಬರೆದಿರುವ ಸಾಧ್ಯತೆಯೂ ಇದೆ, ಇದನ್ನು ಈಗಲೇ ಹೇಳಿಬಿಡುತ್ತೇನೆ.

ಸ್ವಂತ ಕೋರಿಕೆ ಮೇಲೆ ಬಂದವರಿಗೆ ಡಿಸೆಬಿಲಿಟಿ ಪಿಂಚಣಿ ಇಲ್ಲ ಅಂತ ಮೊದಲ ಉತ್ತರದಲ್ಲೇ ಬರೆದು ಕಳಿಸಬಹುದು. ಅಪ್ಪ "ನಾನೇ ಕೇಳಿ ಬಂದವನು" ಅನ್ನುವುದೂ ಇದನ್ನೇ ಮನಸ್ಸಲ್ಲಿಟ್ಟುಕೊಂಡಿರಬೇಕು. ಹಳೇ ನಿಯಮ ಹಾಗೇ ಇತ್ತು. ಊನ ಇದ್ದರೂ ಸೇವೆಯಲ್ಲಿ ಮುಂದುವರಿದು, ಆಮೇಲೆ ತಾವಾಗಿ ಬಿಟ್ಟು ಬಂದವರ ವಿಷಯದಲ್ಲಿ 2009ರ ಆದೇಶ ಆ ಬಿಗಿಯನ್ನು ಸಡಿಲ ಮಾಡಿತು. ಮೊದಲಿಗೆ ಅದು 1.1.2006ರಂದು ಸೇವೆಯಲ್ಲಿದ್ದವರಿಗೆ ಮತ್ತು ಆಮೇಲಿನವರಿಗೆ ಅಂತಿತ್ತು. ಅದಕ್ಕೂ ಹಿಂದಿನವರು ಸಶಸ್ತ್ರ ಪಡೆಗಳ ಟ್ರಿಬ್ಯೂನಲ್‌ಗಳಲ್ಲಿ ಹೋರಾಡಿ ಪಡೆದ ಉದಾಹರಣೆಗಳಿವೆ. ಹಾಗಾಗಿ "ಕೇಳಿ ಬಂದವರು" ಅನ್ನುವ ಒಂದೇ ಕಾರಣಕ್ಕೆ ಕೈಬಿಡಬೇಡಿ. ಆಗ ಗ್ರಾಚುಯಿಟಿ ಅಂತ ಸ್ವಲ್ಪ ದುಡ್ಡು ಕೊಟ್ಟು ಕಳಿಸಿರುತ್ತಾರೆ. ಅದನ್ನು ತಗೊಂಡಿದ್ದೇ ಈ ಹಕ್ಕಿಗೆ ಅಡ್ಡಿ ಅಂತಲೂ ಅಂದುಕೊಳ್ಳಬೇಡಿ.

2023ರಲ್ಲಿ ನಿಯಮ ಬದಲಾಗಿದೆ, ಬೇಗ ಮಾಡಿಸದಿದ್ದರೆ ಕಿವಿಯ ಕೇಸೇ ಹೋಗುತ್ತೆ ಅಂತ ಹೆದರಿಸುವವರೂ ಇದ್ದಾರೆ. ಆ ಹೊಸ ನಿಯಮ 2023ರ ಸೆಪ್ಟೆಂಬರ್ 21ರಿಂದ ಈಚೆಗೆ ಸೇವೆ ಬಿಟ್ಟವರಿಗೆ. 1975ರವರಿಗೆ ಅದರ ಗೊಡವೆ ಇಲ್ಲ.

50 ವರ್ಷದ ಬಾಕಿ ಅನ್ನೋದೂ ಸುಳ್ಳು. ಇದಕ್ಕೆ 2008ರ ತರ್ಸೆಮ್ ಸಿಂಗ್ ತೀರ್ಪು ಇದೆ. ಆ ಸೈನಿಕ 1983ರಲ್ಲಿ ಹೊರಬಂದು, ಡಿಸೆಬಿಲಿಟಿ ಪಿಂಚಣಿಗೆ ಕೋರ್ಟಿಗೆ ಹೋದದ್ದು 1999ರಲ್ಲಿ. ಪಿಂಚಣಿ ತಿಂಗಳು ತಿಂಗಳು ಬರಬೇಕಾದದ್ದು, ಆದ್ದರಿಂದ ತಡ ಆಯಿತು ಅಂತ ಹಕ್ಕು ಸಾಯುವುದಿಲ್ಲ, ಆದರೆ ಬಾಕಿ ಮಾತ್ರ ಅರ್ಜಿ ಹಾಕುವ ಹಿಂದಿನ ಮೂರು ವರ್ಷದ್ದಷ್ಟೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಇದರಲ್ಲಿ ನಿಮಗೆ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಈಗಲೂ ಕೇಳಬಹುದು. ಆದರೆ ತಡ ಮಾಡಿದ ಪ್ರತಿ ತಿಂಗಳೂ ನಷ್ಟವೇ.

ಎಲ್ಲಿಂದ ಶುರು ಮಾಡಬೇಕು? ಕಾಗದದಿಂದ. ಸೈನಿಕರ ಕಡತ ಇಡುವ ಕಚೇರಿ, ಎಂಇಜಿ ರೆಕಾರ್ಡ್ಸ್, ಬೆಂಗಳೂರಲ್ಲೇ ಇದೆ, ಅದು ನಿಮ್ಮ ಅದೃಷ್ಟ. ಆರ್ಟಿಲರಿಯವರಾಗಿದ್ದರೆ ನಾಸಿಕ್‌ಗೆ, ಸಿಗ್ನಲ್ಸ್‌ನವರಾಗಿದ್ದರೆ ಜಬಲ್‌ಪುರಕ್ಕೆ ಬರೆಯಬೇಕಿತ್ತು. ಎಂಇಜಿ ರೆಕಾರ್ಡ್ಸ್‌ನ ಮಾಹಿತಿ ಅಧಿಕಾರಿಗೆ ಅಪ್ಪನ ಹೆಸರಿನಲ್ಲೇ ಒಂದು ಆರ್‌ಟಿಐ ಅರ್ಜಿ ಹಾಕಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಇಟ್ಟು, ಸ್ಪೀಡ್ ಪೋಸ್ಟಲ್ಲಿ ಕಳಿಸಿ. ಆರ್ಮಿ ನಂಬರ್ ತಪ್ಪದೆ ಬರೆಯಿರಿ, ಅದಿಲ್ಲದಿದ್ದರೆ ಹುಡುಕುವುದೇ ಇಲ್ಲ. ಲಾಂಗ್ ರೋಲ್‌ನ (ಸೈನಿಕರ ಹೆಸರಿನ ದೊಡ್ಡ ರಿಜಿಸ್ಟರ್) ಪ್ರತಿ, ಬಿಡುಗಡೆ ಸಮಯದ ಮೆಡಿಕಲ್ ಬೋರ್ಡ್ ಕಾಗದ, ಗಾಯದ ಬಗ್ಗೆ ಯೂನಿಟ್ ಬರೆದ ವರದಿ ಇದ್ದರೆ ಅದು, ರಿಸರ್ವ್‌ಗೆ ವರ್ಗ ಆಗಿತ್ತಾ ಅನ್ನುವ ಮಾಹಿತಿ, ಇಷ್ಟನ್ನೂ ಬಿಡಿಬಿಡಿಯಾಗಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಬರುವ ಉತ್ತರ ಹೀಗಿರಬಹುದು, ಈಗಲೇ ಸಿದ್ಧವಾಗಿರಿ: "ಪಿಂಚಣಿ ಇಲ್ಲದವರ ಕಡತವನ್ನು 25 ವರ್ಷ ಇಟ್ಟು ನಾಶ ಮಾಡಲಾಗಿದೆ." ಇದು ನಿಯಮದ ಪ್ರಕಾರವೇ ಆಗುವಂಥದ್ದು. ಇಂಥ ಉತ್ತರ ಬಂದ ದಿನ ಎಷ್ಟೋ ಮನೆಯವರು ಅಲ್ಲಿಗೇ ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ. ಲಾಂಗ್ ರೋಲ್ ಅನ್ನುವ ದೊಡ್ಡ ರಿಜಿಸ್ಟರನ್ನು ನಾಶ ಮಾಡುವಂತಿಲ್ಲ. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು ಅಷ್ಟೇ ಇರುತ್ತೆ, ಸೇರಿದ್ದು, ಬಿಟ್ಟದ್ದು, ಕಾರಣ. ಕೆಲವರದರಲ್ಲಿ ಮೆಡಿಕಲ್ ಕ್ಯಾಟಗರಿಯೂ ಸಿಕ್ಕಿದೆ. ಕಡತ ನಾಶ ಆಗಿದ್ದರೆ ನಿಮ್ಮ ಮನೆಯ ಡಿಸ್ಚಾರ್ಜ್ ಬುಕ್ಕೇ ಉಳಿದಿರುವ ಮೂಲ ದಾಖಲೆ. ಅದನ್ನು ಯಾರ ಕೈಗೂ ಕೊಡಬೇಡಿ. ಲ್ಯಾಮಿನೇಷನ್ ಮಾಡಿಸಬೇಡಿ, ಶಾಯಿ ಅಳಿಸಿಹೋಗುತ್ತೆ. ಎಲ್ಲಾ ಪುಟ ಸ್ಕ್ಯಾನ್ ಮಾಡಿಸಿ ಎರಡು ಕಡೆ ಇಡಿ.

ಮೆಡಲ್ ಇದ್ದರೆ ಅದೂ ಈಗ ಉಪಯೋಗಕ್ಕೆ ಬರುತ್ತೆ. ಪಶ್ಚಿಮಿ ಸ್ಟಾರ್ ಇದೆಯಾ ನೋಡಿ. ಅದರಿಂದ ಪಿಂಚಣಿ ಬರುವುದಿಲ್ಲ, ಆದರೆ ಅವರು ಪಶ್ಚಿಮ ಗಡಿಯಲ್ಲಿ ಇದ್ದರು ಅನ್ನುವುದಕ್ಕೆ ಸಾಕ್ಷಿ. ಶಕರ್‌ಗಢದ ಬಸಂತರ್ ನದಿಯ ಹತ್ತಿರ ಮದ್ರಾಸ್ ಸ್ಯಾಪರ್ಸ್‌ನವರು ಟ್ಯಾಂಕ್‌ಗಳಿಗಾಗಿ ಮೈನ್ ತೆಗೆದು ದಾರಿ ಮಾಡಿದ್ದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ಆ ಕೆಲಸ, ಆ ಜಾಗ, ಪಠಾಣ್‌ಕೋಟ್ ಆಸ್ಪತ್ರೆ, ಅಲ್ಲಿಂದ "ಬೀ ಪರ್ಮನೆಂಟ್", ಇಷ್ಟೂ ಒಂದೇ ಸಾಲಾಗಿ ಬಂದರೆ ಕೇಸಿಗೆ ಬಲ ಬರುತ್ತೆ.

ಇದಕ್ಕೆ ಅಪ್ಪನ ಮಾತು ಬೇಕು, ಮರೆವು ಇನ್ನೂ ಜಾಸ್ತಿ ಆಗುವ ಮೊದಲು. ಬೆಳಗ್ಗೆ ಅವರು ಚೆನ್ನಾಗಿರುವ ಹೊತ್ತಲ್ಲಿ ಪಕ್ಕದಲ್ಲಿ ಕೂತು ಕೇಳಿ. ಯಾವ ರೆಜಿಮೆಂಟ್, ಯಾವ ಕಂಪನಿ, ಸುಬೇದಾರ್ ಯಾರು, ಆಸ್ಪತ್ರೆಗೆ ಯಾರು ಕರೆದುಕೊಂಡು ಹೋದರು, ಕಿವಿಯಿಂದ ರಕ್ತ ಬಂದಿತ್ತಾ, ಎಷ್ಟು ದಿನ ಮಲಗಿದ್ದರು. ಅವರು ಹೇಳಿದ ಹಾಗೇ ಬರೆದುಕೊಳ್ಳಿ, ನೆನಪಿಲ್ಲ ಅಂದದ್ದನ್ನು ನೀವು ತುಂಬಬೇಡಿ. ಸಹಿ ಹಾಕಿಸಿ ನೋಟರಿ ಮಾಡಿಸಿ. ಪಕ್ಕದ ಊರಿನವರು ಅದೇ ಯೂನಿಟ್‌ನವರಾಗಿದ್ದರೆ ಅವರಿಂದಲೂ ಒಂದು ಅಫಿಡವಿಟ್ ತಗೊಳ್ಳಿ. ಈಗಿನ ಇಎನ್‌ಟಿ ಡಾಕ್ಟರ್ ಸರ್ಟಿಫಿಕೇಟ್ ಒಂದೇ ಸಾಲದು. 80 ವರ್ಷದವರ ಕಿವಿ ಮಂದ ಅಂದರೆ ಬೋರ್ಡಿನವರು ವಯಸ್ಸು ಅಂತ ಬರೆದು ಮುಗಿಸಿಬಿಡುತ್ತಾರೆ. ಎಡಗಿವಿ ಬಲಗಿವಿಗಿಂತ ಎಷ್ಟು ಕೆಟ್ಟಿದೆ ಅನ್ನುವ ವ್ಯತ್ಯಾಸ ತೋರಿಸುವ ಆಡಿಯೋಗ್ರಾಂ ಇದ್ದರೆ ಸ್ವಲ್ಪ ಅನುಕೂಲ.

ಆಮೇಲೆ ಅರ್ಜಿ ರೆಕಾರ್ಡ್ಸ್‌ಗೆ. ಅವರು ತಿರಸ್ಕರಿಸಿದರೆ ಮೇಲ್ಮನವಿ. ಅದೂ ಆಗದಿದ್ದರೆ ಸಶಸ್ತ್ರ ಪಡೆಗಳ ಟ್ರಿಬ್ಯೂನಲ್. ಕರ್ನಾಟಕದವರಿಗೆ ಕೊಚ್ಚಿ ಪೀಠ. ಹೊಸದಾಗಿ ಮೆಡಿಕಲ್ ಬೋರ್ಡ್ ಮಾಡಿಸಿ ಅಂತ ಆದೇಶ ಕೊಡುವ ಅಧಿಕಾರ ಟ್ರಿಬ್ಯೂನಲ್‌ಗೆ ಇದೆ. ಆದರೆ ವರ್ಷಗಳು ಹಿಡಿಯಬಹುದು, ವಕೀಲರ ಖರ್ಚು ಇದೆ, ಗೆದ್ದೇ ಗೆಲ್ಲುತ್ತೀರಿ ಅಂತ ನಾನಂತೂ ಹೇಳಲಾರೆ. ನನ್ನ ಸಲಹೆ ಇದು: ಮೆಡಿಕಲ್ ಬೋರ್ಡಿನ ಕಾಗದ ಸಿಕ್ಕಿ ಅದರಲ್ಲಿ 20 ಅಥವಾ ಹೆಚ್ಚು ಇದ್ದರೆ ಖಂಡಿತ ಹೋಗಿ. ಕಾಗದ ನಾಶ ಆಗಿ "ಬೀ ಪರ್ಮನೆಂಟ್" ಮಾತ್ರ ಉಳಿದಿದ್ದರೆ, ಉಚಿತವಾಗಿ ನಡೆಸುವವರು ಸಿಕ್ಕರೆ ಹೋಗಿ. ಇದಕ್ಕಾಗಿ ತೋಟದ ಮೇಲೆ ಸಾಲ ಮಾಡಬೇಡಿ. ಸೈನಿಕರ ಕುಟುಂಬಗಳಿಗೆ ಸೈನಿಕ ಬೋರ್ಡ್‌ಗಳಲ್ಲೇ ಉಚಿತ ಕಾನೂನು ನೆರವು ಕೊಡುವ ಯೋಜನೆಯನ್ನು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ 2025ರ ಜುಲೈನಲ್ಲಿ ಶುರು ಮಾಡಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅದರ ಬಗ್ಗೆ ವಿಚಾರಿಸಿ.

ಇಷ್ಟೆಲ್ಲ ಆಗುವ ತನಕ ಮನೆ ನಡೆಯಬೇಕಲ್ಲ. ಅದಕ್ಕೆ ಈ ವಾರವೇ ಮಾಡಬೇಕಾದ ಕೆಲಸ ಬೇರೆ ಇದೆ. ಪಿಂಚಣಿ ಇಲ್ಲದ, 65 ದಾಟಿದ, ಹವಾಲ್ದಾರ್ ಮತ್ತು ಅದಕ್ಕಿಂತ ಕೆಳಗಿನ ದರ್ಜೆಯ ಮಾಜಿ ಸೈನಿಕರಿಗೆ ಕೇಂದ್ರೀಯ ಸೈನಿಕ ಬೋರ್ಡ್‌ನಿಂದ ಪೆನ್ಯೂರಿ ಗ್ರಾಂಟ್ ಅಂತ ಒಂದು ನೆರವು ಇದೆ. ಸಶಸ್ತ್ರ ಪಡೆಗಳ ಧ್ವಜ ದಿನದ ನಿಧಿಯಿಂದ ಕೊಡುವುದು. ಮೊದಲು ತಿಂಗಳಿಗೆ 4,000 ರೂ. ಇತ್ತು, 2025ರ ನವೆಂಬರ್ 1ರಿಂದ ಹಾಕುವ ಅರ್ಜಿಗಳಿಗೆ 8,000 ರೂ. ಮಾಡಿದ್ದಾರೆ. ಎಷ್ಟು ಜನ ಹಳೇ ಸೈನಿಕರಿಗೆ ಇದು ಗೊತ್ತೇ ಇಲ್ಲ ಅಂತ ನೆನೆದರೆ ಸಂಕಟ ಆಗುತ್ತೆ. ಡಿಸೆಬಿಲಿಟಿ ಪಿಂಚಣಿ ಸಿಕ್ಕರೂ ಸಿಗಬಹುದು, ಸಿಗದೇನೂ ಇರಬಹುದು. ಇದು ನಿಮ್ಮ ಅಪ್ಪನಿಗೆ ಸಿಗುವ ಸಾಧ್ಯತೆ ತುಂಬಾ ಜಾಸ್ತಿ.

ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ (ಸೈನಿಕ ಬೋರ್ಡ್) ಹೋಗಿ. ಅಪ್ಪನ ಹೆಸರಲ್ಲಿ ಮಾಜಿ ಸೈನಿಕರ ಗುರುತಿನ ಚೀಟಿ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಯಾರು ಮಾಜಿ ಸೈನಿಕ ಅನ್ನುವ ನಿಯಮ ಬಿಡುಗಡೆಯಾದ ದಿನಾಂಕದ ಮೇಲೆ ಬದಲಾಗುತ್ತೆ, ಆದರೆ 1975ರಲ್ಲಿ ಹತ್ತು ವರ್ಷ ಮುಗಿಸಿ ಬಂದವರಿಗೆ ಅದರಲ್ಲಿ ತೊಡಕಿಲ್ಲ. ಅರ್ಜಿ ಆನ್‌ಲೈನ್, ಕಚೇರಿಯವರೇ ಹೇಳಿಕೊಡುತ್ತಾರೆ, ಅದಕ್ಕೆ ಶುಲ್ಕ ಇಲ್ಲ. ಸಂಧ್ಯಾ ಸುರಕ್ಷಾ ಅಥವಾ ಬೇರೆ ಯಾವುದಾದರೂ ಮಾಸಾಶನ ಬರುತ್ತಿದ್ದರೆ ಮುಚ್ಚಿಡಬೇಡಿ, ಅರ್ಜಿಯಲ್ಲಿ ಬರೆಯಿರಿ. ಔಷಧಿ ಖರ್ಚಿಗೂ ಪಿಂಚಣಿ ಇಲ್ಲದವರಿಗೆ ಬೇರೆ ನೆರವು ಇದೆ, ಬಿಲ್ಲುಗಳನ್ನು ಎತ್ತಿಡಿ.

ಅಪ್ಪನಿಗೆ ಇದು ಭಿಕ್ಷೆ ಅನಿಸಬಹುದು. ಆ ತಲೆಮಾರಿನವರು ಹಾಗೇ. ಮೊನ್ನೆ ಮೊನ್ನೆಯವರೆಗೂ ಧ್ವಜ ದಿನದ ಚೀಟಿ ಕೊಂಡವರಲ್ಲಿ ಅವರೂ ಇದ್ದಿರಬಹುದು, ಆ ದುಡ್ಡು ಕೂಡಿಟ್ಟದ್ದೇ ಅವರಂಥವರಿಗಾಗಿ ಅಂತ ಹೇಳಿ ನೋಡಿ. ಒಪ್ಪದಿದ್ದರೆ ಅಮ್ಮನ ವಿಷಯ ಹೇಳಿ, ಒಪ್ಪುತ್ತಾರೆ.

ಅಮ್ಮನ ವಿಷಯ ಅಂದರೆ ಇದು. ಸರ್ವೀಸ್ ಪಿಂಚಣಿ ಇಲ್ಲದಿದ್ದಾಗ ಅಪ್ಪನ ನಂತರ ಮಾಮೂಲಿ ಕುಟುಂಬ ಪಿಂಚಣಿ ಬರುತ್ತೆ ಅಂತ ನಂಬಿಕೊಂಡು ಕೂರಬೇಡಿ. ಆದರೆ ಪೆನ್ಯೂರಿ ಗ್ರಾಂಟ್ ಪಿಂಚಣಿ ಇಲ್ಲದ ಸೈನಿಕರ ವಿಧವೆಯರಿಗೂ ಇದೆ, ಅದೇ 65 ವರ್ಷದ ಷರತ್ತಿನ ಮೇಲೆ. ಅಮ್ಮನಿಗೆ ಆಗಲೇ 72. ಅವರು ಆಗ ಹೊಸದಾಗಿ ಅರ್ಜಿ ಹಾಕಬೇಕಾಗುತ್ತೆ, ಅಷ್ಟರಲ್ಲಿ ಹೆಸರು ಸರಿ ಇರಬೇಕು. ಡಿಸ್ಚಾರ್ಜ್ ಬುಕ್ಕಲ್ಲಿ ಹೆಂಡತಿ ಹೆಸರು ಅನ್ನುವ ಜಾಗದಲ್ಲಿ ಏನಿದೆ ನೋಡಿ. ಎಷ್ಟೋ ಜನರದು ಖಾಲಿ ಇರುತ್ತೆ, ಇಲ್ಲವೇ ಗೌರಮ್ಮ ಅನ್ನುವವರ ಹೆಸರನ್ನು ಯಾರೋ ಉತ್ತರದ ಕಡೆಯ ಕ್ಲರ್ಕ್ ಗೋರಾಮಾ ಅಂತ ಬರೆದಿರುತ್ತಾನೆ. ಗಂಡ ಬದುಕಿದ್ದಾಗ ಇದನ್ನು ಸರಿ ಮಾಡುವುದು ಸುಲಭ. ಇಬ್ಬರ ಜಂಟಿ ಫೋಟೋ, ಆಧಾರ್, ಎರಡೂ ಹೆಸರು ಒಬ್ಬರದೇ ಅಂತ ಹೇಳುವ ಅಫಿಡವಿಟ್, ಅಪ್ಪನ ಸಹಿ ಇದ್ದರೆ ಮುಗಿಯಿತು. ಅವರು ಹೋದ ಮೇಲೆ ಇದೇ ಕೆಲಸಕ್ಕೆ ಆ ತಾಯಿ ಕಚೇರಿ ಕಚೇರಿ ತಿರುಗಬೇಕಾಗುತ್ತೆ, ಅದನ್ನು ತುಂಬಾ ಕಂಡಿದ್ದೇನೆ. ಸೈನಿಕ ಬೋರ್ಡ್‌ಗೆ ಹೋಗುವ ದಿನ ಅಮ್ಮನನ್ನೂ ಕರೆದುಕೊಂಡು ಹೋಗಿ, ಅವರ ಹೆಸರು, ವಿಳಾಸ, ಬ್ಯಾಂಕ್ ಖಾತೆ ಮೂರನ್ನೂ ಅಪ್ಪನ ಕಡತದಲ್ಲಿ ಸೇರಿಸಿಸಿ.

ರಿಸರ್ವ್ ಕಾಲಂ ಇರುವ ಪುಟದ ಫೋಟೋ ಮತ್ತೆ ಕಳಿಸಿ. ಆರ್‌ಟಿಐ ಉತ್ತರ ಬಂದ ಮೇಲೆ, ಏನೇ ಬರೆದಿದ್ದರೂ, ಅದರ ಪ್ರತಿಯನ್ನೂ ಕಳಿಸಿ. ಡಿಸೆಬಿಲಿಟಿ ಅರ್ಜಿ ಬರೆಯುವ ಮುನ್ನ ಅವೆರಡನ್ನೂ ನೋಡಲೇಬೇಕು.